ಜಾವಾ ಫರ್ನ್: ಸಿದ್ದಾಪುರದ ಗ್ರಾಹಕರಿಗೆ ಬಳಕೆಯ ಸೂಚನೆಗಳು

ಈ ಜರೀಗಿಡ ಕೇಳುವುದು ನೆರಳು ಮತ್ತು ನೀರು, ಎರಡೇ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಆ ಎರಡಕ್ಕೇ ತತ್ವಾರ ಎಂಬುದು ತಯಾರಕರಿಗೆ ತಿಳಿದಿರಲಿಲ್ಲ. ತಯಾರಕರು ಎಂದರೆ ಏಷ್ಯಾದ ಮಳೆಕಾಡುಗಳು. ಅಲ್ಲಿ ಇದು ಹಳ್ಳದ ಒದ್ದೆ ಬಂಡೆಗೆ ಅಂಟಿಕೊಂಡು ಮರಗಳ ಕೆಳಗೆ ಬೆಳೆಯುತ್ತದೆ.

ಜಾಗ: ಗಿಡವಿರುವ ಮೀನಿನ ತೊಟ್ಟಿಗೆ ನಡುಮನೆ ಉತ್ತಮ. ಪಡುವಣ ಕಿಟಕಿ ಬೇಡವೇ ಬೇಡ. ನಮ್ಮೂರ ಬಿಸಿಲು ಬಿದ್ದರೆ ಗಾಜಿನ ತುಂಬ ಪಾಚಿ ಬೆಳೆದು, ಮೀನಿಗೆ ನೀವು ಕಾಣಿಸುವುದಿಲ್ಲ. ನೀರು 28 ಡಿಗ್ರಿಯೊಳಗೆ ಇದ್ದರೆ ಕ್ಷೇಮ. ಏಪ್ರಿಲ್‌ನಲ್ಲಿ ಅದು ಏರತೊಡಗಿದಾಗ ತೊಟ್ಟಿಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ತಿರುಗಿಸಿಡಿ. ಮನೆಯ ಹಿರಿಯರು ಏನಾದರೂ ಅಂದರೆ ಅನ್ನಿಸಿಕೊಳ್ಳಿ.

ಬೆಳಕು: ಸಣ್ಣದೊಂದು ಎಲ್‌ಇಡಿ, ದಿನಕ್ಕೆ 6ರಿಂದ 8 ಗಂಟೆ. ಕರೆಂಟ್ ಹೋದರೆ ಗಿಡಕ್ಕೆ ಏನೂ ಆಗದು. ಲೈನ್‌ಮನ್‌ಗೆ ಫೋನ್ ಮಾಡುವಾಗ ಅದರ ಹೆಸರು ಎತ್ತಬೇಡಿ.

ನೀರು: ಬಿಂದಿಗೆಯ ಒಳಗೆ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರನ್ನು ಈ ಗಿಡ ಗೊಣಗದೆ ಕುಡಿಯುತ್ತದೆ. ತೊಂದರೆ ಬರುವುದು ನೀರು ಆರುವುದರಿಂದ. ಆರಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಲವಣವೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನೂ ಮತ್ತೆ ಬೋರ್ ನೀರಿನಿಂದಲೇ ತುಂಬುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಆರಿದ್ದನ್ನು ತುಂಬಲು ಫಿಲ್ಟರ್ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ಯಾತಕ್ಕೆಂದು ಅಲ್ಲಿ ಯಾರಾದರೂ ಕೇಳಿದರೆ ನೆಂಟರು ಬಂದಿದ್ದಾರೆ ಅನ್ನಿ.

ನಾಟಿ: ಇಲ್ಲಿ ಎಚ್ಚರ, ಏಕೆಂದರೆ ನೀವು ಶೇಂಗಾ ಬೆಳೆದ ಸೀಮೆಯವರು. ಕೈ ತಾನಾಗಿಯೇ ಗಿಡವನ್ನು ಮಣ್ಣಿಗೆ ಒತ್ತುತ್ತದೆ. ಒತ್ತಬೇಡಿ. ಎಲೆಗಳ ಬುಡದಲ್ಲಿ ಶುಂಠಿಯಂತೆ ಅಡ್ಡ ಮಲಗಿರುವ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಅದನ್ನು ಕಲ್ಲಿಗೆ ಕಟ್ಟಬೇಕು. “ಬೇರು ಬಯಲಿಗೆ ಬಿಟ್ರೆ ಗಿಡ ಬದುಕ್ತದೇನೋ ತಮ್ಮಾ?” ಎಂದು ಅಜ್ಜ ಕೇಳಿಯೇ ಕೇಳುತ್ತಾರೆ. ಬದುಕುತ್ತದೆ, ಊಟ ಎಲೆಯಿಂದಲೂ ಆಗುತ್ತದೆ, ಗೊಬ್ಬರಕ್ಕೆ ಮೀನಿನ ಹೊಲಸು ಸಾಕು. ಕಟ್ಟಲು ರೇಷ್ಮೆ ಎಳೆ ಕೇಳಿಕೊಂಡು ಮೊಳಕಾಲ್ಮೂರಿನ ಮಗ್ಗದ ಮನೆಗೆ ಹೋಗಬೇಡಿ, ಅವರಿಗೆ ಸೀರೆ ಮುಗಿಸುವ ಅವಸರವಿದೆ. ಹತ್ತಿ ನೂಲು ಸಾಕು. ಅದು ಕೊಳೆತು ಹರಿಯುವ ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ.

ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಆರಿಸಿದ ಕಲ್ಲಿನ ಮೇಲೆ ಅನುಮಾನವಿದ್ದರೆ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಸುಣ್ಣದಂಶವಿದೆ, ಬಿಡಿ. ಅಕ್ಷರ ಕಂಡರಂತೂ ಮುಟ್ಟಲೇಬೇಡಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಕಂಡದ್ದು ಇದೇ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ. ಅವೂ ಒಂದು ಬಗೆಯ ಸೂಚನಾಪತ್ರಗಳೇ: ತಾಯಿತಂದೆಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ. ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳಿಸಿದ ಈ ಸೂಚನೆಗಳನ್ನು ಬರೆದ ಚಪಡ, ಬ್ರಾಹ್ಮಿ ಲಿಪಿಯಲ್ಲಿ ಬರೆಯುತ್ತಾ ಬಂದು ಲಿಪಿಕಾರ ಎಂಬ ತನ್ನ ಹುದ್ದೆಯನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಈ ಕರಪತ್ರದ ಲಿಪಿಕಾರನಿಗೆ ಅಷ್ಟು ವಿದ್ಯೆಯಿಲ್ಲ.

ದೂರುಗಳು: ಎಲೆಯ ಹಿಂಬದಿ ಕಂದು ಚುಕ್ಕೆ ಬಂದರೆ ಅದು ರೋಗವಲ್ಲ, ಬೀಜಕಗಳ ಗೂಡು. ಶೇಂಗಾಕ್ಕೆ ಹೊಡೆಯುವ ಔಷಧಿಯ ಡಬ್ಬಿಯನ್ನು ಅಟ್ಟದ ಮೇಲೆಯೇ ಇಡಿ. ಹೊಡೆದರೆ ಮೊದಲು ಸಾಯುವುದು ಮೀನು. ಹಳೆಯ ಎಲೆಯ ಮೇಲೆ ಮರಿಗಿಡ ಮೂಡಿದರೆ, ಅದಕ್ಕೆ ನಾಲ್ಕೆಲೆ ಬಂದು ಬೇರಿಳಿದ ಮೇಲೆ ಬಿಡಿಸಿ ಪಕ್ಕದ ಮನೆಗೆ ಕೊಡಬಹುದು.

“ಎರಡು ತಿಂಗಳಾಯ್ತು, ಎರಡೆಲೆಯೂ ಬಂದಿಲ್ಲ” ಎನ್ನುವ ದೂರನ್ನು ಸ್ವೀಕರಿಸಲಾಗುವುದಿಲ್ಲ. ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಬೌದ್ಧ ಉಪಾಸಕನಾಗಿದ್ದರೂ ಒಂದು ವರ್ಷ ತಾನು ಅಷ್ಟೇನೂ ಶ್ರಮಿಸಲಿಲ್ಲವೆಂದು ಚಕ್ರವರ್ತಿ ಅಶೋಕನೇ ಬ್ರಹ್ಮಗಿರಿಯ ಬಂಡೆಯ ಮೇಲೆ ಹೇಳಿಕೊಂಡಿದ್ದಾನೆ. ಗಿಡಕ್ಕೂ ಅಷ್ಟು ರಿಯಾಯಿತಿ ಇರಲಿ. ಕಲ್ಲು ಹಿಡಿದಿದೆಯೋ ಇಲ್ಲವೋ ಎಂದು ಎಳೆದು ನೋಡಿದವರಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ.