ಮಸ್ಕಿ ಬಸ್ಸಿನ ಲ್ಯಾಟಿನ್

ಸಿಂಧನೂರಿನ ನಿವೃತ್ತ ಮಾಸ್ತರೊಬ್ಬರಿಗೆ ಅರವತ್ತು ದಾಟಿದ ಮೇಲೆ ಲ್ಯಾಟಿನ್ ಹುಚ್ಚು ಹಿಡಿಯಿತು. ಇಸ್ಪೀಟಿಗಿಂತ ಅಗ್ಗ ಎಂದು ಮನೆಯವರು ಸುಮ್ಮನಾದರು.

ಮೊದಲ ವಾರವೇ ಅವರು ವರ್ತಮಾನ ಕೃದಂತಕ್ಕೆ ಸಿಕ್ಕಿಬಿದ್ದರು. ಅಮಾನ್ಸ್ ಎಂದರೆ ಪ್ರೀತಿಸುವ; ವಿಭಕ್ತಿ ಹತ್ತಿದರೆ 'ನ್ಸ್' ಹೋಗಿ 'ಂತ್' ಬಂದು ಅಮಂತಿಸ್. ಪ್ರಥಮಾ ಏಕವಚನದಲ್ಲಿ ಮೂರು ಲಿಂಗಕ್ಕೂ ಒಂದೇ ರೂಪ, ನಮ್ಮ 'ಬರೋ' ಇದ್ದಂತೆ: ಬರೋ ಅಳಿಯ, ಬರೋ ಸೊಸೆ, ಬರೋ ಬಸ್ಸು. ಆ 'ಂತ್' ಇಂಗ್ಲಿಷಿನಲ್ಲಿ 'ಂಟ್' ಆಗಿ ನಮ್ಮೂರಿಗೂ ಬಂದಿದೆ.

ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿ ಮಾಸ್ತರು ಎಣಿಸತೊಡಗಿದರು. ಭತ್ತದ ಕಮಿಷನ್ ಏಜೆಂಟ್: ಮಾಡುವವನು. ಅದೇ ಧಾತುವಿನ ಅಜೆಂಡಾ: ಮಾಡಬೇಕಾದದ್ದು, ಹಾಗಾಗಿ ಉಳಿದೇ ಇರುವುದು. ಪೇಷಂಟ್: ನೋವು ಉಣ್ಣುವವನು. ಸ್ಟೂಡೆಂಟ್: ಹುರುಪಿನಿಂದ ತೊಡಗಿದವನು, ಹಿಂದಿನ ಸೀಟಿನಲ್ಲಿ ಇಬ್ಬರು ಗೊರಕೆ ಹೊಡೆಯುತ್ತಿದ್ದರು. ಪ್ರೆಸಿಡೆಂಟ್: ಮುಂದೆ ಕೂರುವವನು. ಪಂಚಾಯಿತಿ ಪ್ರೆಸಿಡೆಂಟರು ಡ್ರೈವರ್ ಪಕ್ಕದಲ್ಲೇ ಕೂತಿದ್ದರು, ವ್ಯಾಕರಣಬದ್ಧವಾಗಿ. ಕರೆಂಟ್ ಎಂದರೆ ಓಡುವುದು. ಪಂಪ್‌ಸೆಟ್ಟಿನವರನ್ನು ಕೇಳಿದರೆ ಅದು ಓಡಿಹೋಗುವುದು.

"ಸಿಮೆಂಟ್ ರೀ?" ಎಂದ ಪಕ್ಕದ ಅಂಗಡಿಯವ.

"ಅದು ಸುಳ್ಳು ನೆಂಟ. ಪೇಮೆಂಟೂ ಅಷ್ಟೇ. ಅವೆರಡೂ 'ಮೆಂತುಮ್' ಮನೆತನ. ಪರ್ಸೆಂಟ್ ಅಂತೂ ಬರೀ ನೂರು."

"ಪೇಮೆಂಟ್ ಸುಳ್ಳು ಅಂತ ನಮಗೂ ಗೊತ್ತೈತ್ರಿ."

ಹಾಗೆಂದು ಈ ಸೀಮೆಗೆ ಲ್ಯಾಟಿನ್ ಹೊಸದಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹಳೆಯ ಕ್ಯಾಥೊಲಿಕ್ ಚರ್ಚಿನಲ್ಲಿ, 1960ರ ದಶಕದಲ್ಲಿ ಬಲಿಪೂಜೆ ಜನರ ಭಾಷೆಗೆ ತಿರುಗುವ ಮುಂಚೆ, ಸರ್ವಶಕ್ತ ದೇವರು 'ಒಮ್ನಿಪೊತೆನ್ಸ್' ಆಗಿದ್ದ. ಅದೂ 'ನ್ಸ್' ಮನೆತನವೇ.

1915ರಲ್ಲಿ ಇದೇ ದಾರಿಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ಗೆ ಅಶೋಕನ ಹೆಸರಿದ್ದ ಶಾಸನ ಸಿಕ್ಕಿತು. ಲ್ಯಾಟಿನ್ ಅಗೆದ ಮಾಸ್ತರಿಗೂ ಬೇರೆಯದೇ ಸಿಕ್ಕಿತು: ಸಂಸ್ಕೃತ. 'ವರ್ತಮಾನ' ಎಂಬುದೇ ವರ್ತಮಾನ ಕೃದಂತ. 'ಯಜಮಾನ'ವೂ ಅದೇ, ಯಜ್ಞ ಮಾಡಿಸುತ್ತಿರುವವನು. ಇನ್ನು 'ಸಂತ'ನ ಮೂಲ 'ಸತ್', ಅಂದರೆ ಇರುವ. ಹಾಜರಿಯಲ್ಲಿ ಹುಡುಗರು ಕೂಗುವ 'ಪ್ರೆಸೆಂಟ್ ಸಾರ್'ನಲ್ಲಿರುವ 'ಸೆಂಟ್'ಗೂ ಅದಕ್ಕೂ ಒಂದೇ ಬೇರು. ಮೂವತ್ತು ವರ್ಷ ಹಾಜರಿ ಕೂಗಿದರೂ ಎದುರಿಗೆ ಸಂತರಿದ್ದದ್ದು ಮಾಸ್ತರಿಗೆ ತಿಳಿದಿರಲಿಲ್ಲ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಇಪ್ಪತ್ತು ನಿಮಿಷವಾದರೂ ಅಲುಗಲಿಲ್ಲ.

"ಯಾವಾಗಪ್ಪಾ ಹೋಗೋದು?"

"ಹೊಂಟೈತ್ರಿ," ಎಂದ ಕಂಡಕ್ಟರ್.

ಮಾಸ್ತರು ಸಿಟ್ಟಾಗಲಿಲ್ಲ. ಲ್ಯಾಟಿನ್ ವರ್ತಮಾನ ಕೃದಂತಕ್ಕೆ ಸ್ವಂತ ಕಾಲವಿಲ್ಲ, ಮುಖ್ಯ ಕ್ರಿಯಾಪದದ ಕಾಲವೇ ಅದರ ಕಾಲ ಎಂದು ಹಿಂದಿನ ರಾತ್ರಿಯಷ್ಟೇ ಓದಿದ್ದರು. ಕಿಟಕಿಯಿಂದ ಇಣುಕಿದರು. ಮುಖ್ಯ ಕ್ರಿಯಾಪದ ಖಾಕಿ ಅಂಗಿ ತೊಟ್ಟು ಎದುರಿನ ಹೋಟೆಲಿನಲ್ಲಿ ಇನ್ನೂ ಚಾ ಕುಡಿಯುತ್ತಿತ್ತು.