ಇನ್ನೊಂದು ‘ಕಾಸಾಬ್ಲಾಂಕಾ’

ನಿವೃತ್ತಿಯ ಹಣವನ್ನೆಲ್ಲ ಡಿಸ್ಕುಗಳಿಗೆ ಸುರಿದು ಮನೆಯ ನೆಲಮಾಳಿಗೆಯಲ್ಲಿ ಕೂತಿರುವ ಈ ಮಹಾಶಯ ಅಮೆರಿಕದ ಯಾವ ಊರಿನಲ್ಲಾದರೂ ಸಿಕ್ಕೇ ಸಿಗುತ್ತಾನೆ. ಹಳೆಯ ಹಾಲಿವುಡ್ ಚಿತ್ರಗಳೆಂದರೆ ಅವನಿಗೆ ಪ್ರಾಣ. ಅವನ್ನು ಕೂತು ನೋಡುವುದಕ್ಕೆ ಮಾತ್ರ ಪುರುಸೊತ್ತಿಲ್ಲ.

‘ಕಾಸಾಬ್ಲಾಂಕಾ’ವನ್ನೇ ತೆಗೆದುಕೊಳ್ಳಿ. 1942ರ ಚಿತ್ರ, 102 ನಿಮಿಷ. ಮೊದಲು ವಿಎಚ್‌ಎಸ್ ಕ್ಯಾಸೆಟ್ ಕೊಂಡ. ಆಮೇಲೆ ಹನ್ನೆರಡು ಇಂಚಿನ ಲೇಸರ್ ಡಿಸ್ಕ್, ಆಮೇಲೆ ಡಿವಿಡಿ, ಆಮೇಲೆ ಬ್ಲೂ-ರೇ. ಚಿತ್ರಕ್ಕೆ ಎಂಬತ್ತು ತುಂಬಿತೆಂದು 2022ರಲ್ಲಿ 4ಕೆ ಬಂತು, ಅದನ್ನೂ ಬಿಡಲಿಲ್ಲ. ಹೆಂಡತಿ ಒಮ್ಮೆ ತಣ್ಣಗೆ ಕೇಳಿದಳು: “ಐದು ಸಲ ದುಡ್ಡು ಕೊಟ್ಟಿದ್ದೀಯಲ್ಲ, ಯಾವುದರಲ್ಲಾದರೂ ಕೊನೆಗೆ ಇಂಗ್ರಿಡ್ ಬರ್ಗ್‌ಮನ್ ವಿಮಾನ ಹತ್ತದೆ ಉಳಿದಳಾ?”

ಅವನ ಕಿವಿಗೆ ಅದು ಬಿದ್ದರೆ ತಾನೆ? ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಗ್ರೇನ್ ನೋಡುತ್ತಿದ್ದ. ಫಿಲಂನ ಆ ಸಣ್ಣ ಕಣಗಳು ಗಿಜಿಗುಡುತ್ತಿದ್ದರೆ ಚಿತ್ರ ಶುದ್ಧ. ಕಂಪ್ಯೂಟರಿನಲ್ಲಿ ಯಾರೋ ಒರೆಸಿ ನುಣ್ಣಗೆ ಮಾಡಿಬಿಟ್ಟಿದ್ದರೆ ನಟನಟಿಯರೆಲ್ಲ ಮೇಣದ ಬೊಂಬೆಗಳು. ಬರ್ಗ್‌ಮನ್ ಕಣ್ಣು ತುಂಬಿಕೊಂಡಾಗ ನಮ್ಮ ನಿಮ್ಮಂಥವರಿಗೆ ಗಂಟಲು ಕಟ್ಟುತ್ತದೆ. ಇವನು ಚಿತ್ರ ಅಲ್ಲೇ ನಿಲ್ಲಿಸಿ, ಕೆನ್ನೆಯ ಮೇಲೆ ಕಣ ಸಮನಾಗಿದೆಯೇ ಎಂದು ತಪಾಸಣೆ ಮಾಡುತ್ತಾನೆ.

ಚಿತ್ರಗಳನ್ನು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದಾನೆ. ಕ್ರೈಟೀರಿಯನ್ ಕಂಪನಿ ಡಬ್ಬಿಯ ಬೆನ್ನಿಗೆ ನಂಬರ್ ಹಾಕುತ್ತದಲ್ಲ, ಅದೇ ಇವನ ಭಾಷೆ. “ನಿನ್ನೆ ರಾತ್ರಿ 1104 ಹಾಕಿದ್ದೆ” ಎಂದರೆ ‘ಸಿಟಿಜನ್ ಕೇನ್’ ಎಂದು ತಿಳಿಯಬೇಕು. 1984ರಲ್ಲಿ ಅದೇ ಕಂಪನಿ ತಂದ ಆ ಚಿತ್ರದ ಲೇಸರ್ ಡಿಸ್ಕೂ ಇವನಲ್ಲಿದೆ; ಅದನ್ನು ಹಾಕುವ ಯಂತ್ರ ಕೆಟ್ಟು ಯಾವ ಕಾಲವಾಯಿತೋ. ನಡುವೆ ನಂಬರ್ ತಪ್ಪಬಾರದೆಂದು ತನಗೆ ಸುತರಾಂ ಆಗದ ಚಿತ್ರವನ್ನೂ ಕೊಳ್ಳುತ್ತಾನೆ. ಬಾರ್ನ್ಸ್ ಅಂಡ್ ನೋಬಲ್ ಅಂಗಡಿಯಲ್ಲಿ ಜುಲೈ, ನವೆಂಬರ್ ಬಂದರೆ ಇವುಗಳ ಅರ್ಧ ಬೆಲೆಯ ಮಾರಾಟ. ಎಷ್ಟು ಉಳಿಸಿದೆನೆಂದು ಹೆಂಡತಿಗೆ ಸೆಂಟುಸೆಂಟಿನ ಲೆಕ್ಕ ಒಪ್ಪಿಸುತ್ತಾನೆ. ಎಷ್ಟು ಕಳೆದೆ ಎಂದು ಮಾತ್ರ ಕೇಳಬಾರದು.

ಬಣ್ಣದ ಸುದ್ದಿಯನ್ನಂತೂ ಎತ್ತಲೇಬೇಡಿ. 2024ರಲ್ಲಿ ‘ದಿ ಸರ್ಚರ್ಸ್’ 4ಕೆಯಲ್ಲಿ ಬಂದಾಗ ಮಾನ್ಯುಮೆಂಟ್ ವ್ಯಾಲಿಯ ಮಣ್ಣು ಎಷ್ಟು ಕೆಂಪಗಿರಬೇಕೆಂಬ ವಾದದಲ್ಲಿ ಇಬ್ಬರು ಹಳೆಯ ಸ್ನೇಹಿತರನ್ನು ಕಳೆದುಕೊಂಡ. “1956ರಲ್ಲಿ ಅಪ್ಪನ ತೊಡೆ ಮೇಲೆ ಕೂತು ನೋಡಿದ್ದೀನಿ. ಆಕಾಶ ಈ ನೀಲಿ ಅಲ್ಲವೇ ಅಲ್ಲ!” ಆಗ ಇವನಿಗೆ ಐದು ವರ್ಷ. ಮದುವೆಯ ದಿನ ಹೆಂಡತಿಯ ಕೈಯಲ್ಲಿ ಯಾವ ಬಣ್ಣದ ಹೂವಿತ್ತು ಎಂದು ಕೇಳಿ ನೋಡಿ, ತಡವರಿಸುತ್ತಾನೆ.

ಹಾಗೆಂದು ಪೂರ್ತಿ ನಗಲು ನನಗೆ ಧೈರ್ಯ ಸಾಲದು. 1978ರಲ್ಲಿ ರಾಚೆಸ್ಟರಿನ ಈಸ್ಟ್‌ಮನ್ ಹೌಸ್‌ನಲ್ಲಿ ನೈಟ್ರೇಟ್ ಫಿಲಂಗೆ ಬೆಂಕಿ ಹತ್ತಿದಾಗ ‘ಸಿಂಗಿಂಗ್ ಇನ್ ದ ರೇನ್’ನ ಮೂಲ ನೆಗೆಟಿವ್ ಸುಟ್ಟುಹೋಯಿತು. ಉಳಿದ ಪ್ರತಿಗಳಿಂದ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಂಥ ನಾಲ್ಕು ಹುಚ್ಚರು ಕೊಳ್ಳುವವರಿಲ್ಲದಿದ್ದರೆ ಯಾವ ಸ್ಟುಡಿಯೋ ಆ ಖರ್ಚಿಗೆ ಕೈ ಹಾಕೀತು? 2023ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿಸ್ಕ್ ಕಳಿಸುವುದನ್ನು ನಿಲ್ಲಿಸಿದಾಗ ಇವನು ದುಃಖದಿಂದ ಊಟ ಬಿಟ್ಟನಂತೆ. ಮಧ್ಯಾಹ್ನದ್ದು ಮಾತ್ರ, ಎನ್ನುತ್ತಾಳೆ ಹೆಂಡತಿ.

ಇಷ್ಟು ತುಂಬಿದ ಕಪಾಟಿನಲ್ಲೂ ಒಂದು ಕಡೆ ಅಂಗೈಯಗಲ ಜಾಗ ಖಾಲಿ ಬಿಟ್ಟಿದ್ದಾನೆ. 1942ರಲ್ಲಿ ನಿರ್ದೇಶಕ ಆರ್ಸನ್ ವೆಲ್ಸ್ ಬ್ರೆಜಿಲಿನಲ್ಲಿದ್ದಾಗ ಆರ್‌ಕೆಓ ಸ್ಟುಡಿಯೋ ಅವನ ‘ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ನ ನಲವತ್ತಕ್ಕೂ ಹೆಚ್ಚು ನಿಮಿಷ ಕತ್ತರಿಸಿತು, ಕತ್ತರಿಸಿದ್ದನ್ನು ನಾಶವೂ ಮಾಡಿತು. ವೆಲ್ಸ್‌ಗೆಂದು ಕಳಿಸಿದ ಪ್ರತಿ ರಿಯೋದಲ್ಲಿ ಯಾರದೋ ಅಟ್ಟದ ಮೇಲಿದೆ ಎಂಬುದು ಇವನ ದೃಢ ನಂಬಿಕೆ. ಅದು ಸಿಕ್ಕು, ಡಿಸ್ಕ್ ಬಂದರೆ ಇಡಲು ಜಾಗ ಬೇಡವೇ?

ಮೊನ್ನೆ ಹೆಂಡತಿ ಆ ಜಾಗದಲ್ಲಿ ತನ್ನ ಬಿ.ಪಿ. ನೋಡುವ ಯಂತ್ರ ಇಟ್ಟಿದ್ದಳು. ಇವನು ಅದನ್ನೆತ್ತಿ ಅವಳ ಕೈಗೆ ಕೊಟ್ಟ.

“ಇದನ್ನು ಬೇರೆ ಕಡೆ ಇಡು. ಆಂಬರ್ಸನ್ಸ್ ಯಾವಾಗ ಬೇಕಾದರೂ ಬರಬಹುದು.”

“ಬಿ.ಪಿ.ಯೂ ಹಾಗೇ” ಎಂದಳು ಆಕೆ.