ಕಾಕಾನ ದೆವ್ವಕ್ಕೆ ಜಾಗ ಬೇಕಾಗಿದೆ

ಪಾಳುಬಿದ್ದ ವಾಡೆ ಕಂಡರೆ ಬೇರೆಯವರು ಅದರ ಸಾಗವಾನಿ ಕಂಬಕ್ಕೆ ಎಷ್ಟು ರೊಕ್ಕ ಬಂದೀತು ಎಂದು ಲೆಕ್ಕ ಹಾಕುತ್ತಾರೆ. ಕಾಕಾ ಗೋಡೆ ನೋಡುತ್ತಾನೆ. ಎಷ್ಟು ಅಗಲ, ಸುಣ್ಣ ಎಷ್ಟು ಉಳಿದಿದೆ, ಜಂತಿಯಲ್ಲಿ ಬಾವಲಿ ಇವೆಯೋ, ಬಾಗಿಲು ದೂಡಿದರೆ ಕಿರ್ರೆನ್ನುತ್ತದೋ, ಎಲ್ಲ ಪರೀಕ್ಷೆ ಮಾಡಿ ಮೀಸೆ ಮೇಲೆ ಕೈಯಾಡಿಸಿ, "ಇಲ್ಲಿ 'ಪುರಾನಾ ಮಂದಿರ್' ಹಾಕಿದ್ರ ಹೆಂಗಿರ್ತೈತಿ?" ಎನ್ನುತ್ತಾನೆ. ಅವನು ಅಲ್ಲಿಗೆ ಬಂದದ್ದು ಅಣ್ಣನ ಮಗನಿಗೆ ಹೆಣ್ಣು ನೋಡಲಿಕ್ಕೆ. ವಾಡೆ ಬೀಗರಾಗಬೇಕಾದವರದು.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಯಾವ ತಾಲ್ಲೂಕಿನ ಹಳ್ಳಿಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ಹೆಸರು ಏನೇ ಇರಲಿ, ಹುಡುಗರ ಬಾಯಲ್ಲಿ ದೆವ್ವದ ಕಾಕಾ. ವಯಸ್ಸು ಐವತ್ತರ ಆಚೀಚೆ. ಹೊಲ ಲಾವಣಿಗೆ ಕೊಟ್ಟಿರುವುದರಿಂದ ವೇಳೆಗೆ ಬರವಿಲ್ಲ. ಯಾರ ಪರಿಚಯವಾದರೂ ಅವನ ಮೊದಲ ಮಾತು, "ನನಗ ಅಂಜಿಕಿ ಅಂದ್ರೇನಂತ ಗೊತ್ತಿಲ್ಲ." ಎರಡನೆಯದು, "ಒಬ್ಬನ ನೋಡಾಕ ಮಜಾ ಬರೂದಿಲ್ಲ, ನೀವೂ ಬರ್ರಿ."

ಅವನ ಆಸ್ತಿ ಎಂದರೆ ಹುಬ್ಬಳ್ಳಿಯಿಂದ ತಂದ ಅಂಗೈಯಗಲದ ಪ್ರೊಜೆಕ್ಟರ್, ಪೆನ್‌ಡ್ರೈವ್, ಮದುವೆ ಮನೆಯವರು ಬೇಡವೆಂದು ಬಿಟ್ಟ ಸ್ಪೀಕರ್, ಒಂದು ಬಿಳಿ ಧೋತರ. ಧೋತರ ಪರದೆಯಾಗುತ್ತದೆ, ಕರೆಂಟಿಗೆ ಟ್ರ್ಯಾಕ್ಟರಿನ ಬ್ಯಾಟರಿ. ಕೂರಲು ನವಲಗುಂದದ ಹಳೇ ಜಮಖಾನ. ಅವನ ಸಿದ್ಧಾಂತವೂ ಅಷ್ಟೇ ಸರಳ: "ದೆವ್ವದ ಪಿಚ್ಚರ್ ಮೊಬೈಲ್‌ನ್ಯಾಗ ನೋಡೂದಂದ್ರ ಫೋಟೋದಾಗಿನ ತೇರು ಎಳದಂಗ. ಜಾಗಾ ಬೇಕೋ ತಮ್ಮಾ, ಜಾಗಾ."

ಈ ಹುಚ್ಚು ಹತ್ತಿದ್ದು ವಿಸಿಪಿ ಕಾಲದಲ್ಲಿ. ಎಂಬತ್ತರ ದಶಕದ ಕೊನೆಗೆ ಗಣಪತಿ ಹಬ್ಬಕ್ಕೆ ಓಣಿಯವರು ಚಂದಾ ಎತ್ತಿ, ಪಟ್ಟಣದಿಂದ ಒಂದು ರಾತ್ರಿಯ ಬಾಡಿಗೆಗೆ ಟಿ.ವಿ.-ವಿಸಿಪಿ ತರುತ್ತಿದ್ದರು. ಬಾಡಿಗೆ ಮೈಮೇಲೆ ಬರಬಾರದೆಂದು ಬೆಳತನಕ ಮೂರು ಪಿಚ್ಚರ್. ಮೊದಲಿಗೆ ಹಿರಿಯರಿಗಾಗಿ ಭಕ್ತಿಯದು, ನಡುವೆ ಎಲ್ಲರಿಗಾಗಿ ರಾಜಕುಮಾರ್, ಎರಡು ಗಂಟೆಯ ಮೇಲೆ ಹುಡುಗರಿಗಾಗಿ ದೆವ್ವ. ರಾಮ್ಸೆ ಸಹೋದರರ 'ಪುರಾನಾ ಮಂದಿರ್' (1984), 'ವೀರಾನಾ' (1988) ಇಂಥವು. ಹಿಂದಿ ಯಾರಿಗೆ ಎಷ್ಟು ತಿಳಿಯುತ್ತಿತ್ತೋ, ಮುರಿದ ಹವೇಲಿ ಮತ್ತು ಹೊಗೆಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಅಷ್ಟೊತ್ತಿಗೆ ಹುಡುಗರೆಲ್ಲ ಒಬ್ಬರ ಕಾಲ ಮೇಲೊಬ್ಬರು ನಿದ್ದೆ. ಎಚ್ಚರ ಇದ್ದವರು ಕಾಕಾ ಮತ್ತು ಗಣಪತಿ.

ಅವನ ಪ್ರಕಾರ ಕನ್ನಡದಲ್ಲಿ ಅಸಲಿ ದೆವ್ವ ಒಂದೇ, 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ ಬರುತ್ತದೆ, ಕೊನೆಗೆ ಮಂತ್ರಾಲಯದ ರಾಯರು ಬಿಡಿಸುತ್ತಾರೆ. ಓಣಿಯ ಹೆಂಗಸರು ಇದನ್ನು ದೇವರ ಪಿಚ್ಚರ್ ಎಂದೇ ನೋಡಿದ್ದರು. ಟಿ.ವಿ.ಗೆ ಊದಿನಕಡ್ಡಿ ಹಚ್ಚಿದ ಆಯಿಯೂ ಇದ್ದಳಂತೆ. 1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!' ಬಗ್ಗೆ ಮಾತ್ರ ಅವನಿಗೆ ಇವತ್ತಿಗೂ ಸಿಟ್ಟು. ಪಿಚ್ಚರ್ ತುಂಬ ದೆವ್ವ ತೋರಿಸಿ ಕೊನೆಗೆ ಮನುಷ್ಯನನ್ನು ಮುಂದೆ ನಿಲ್ಲಿಸುವುದು ರೊಕ್ಕ ಇಸಕೊಂಡು ಮಾಲು ಕೊಡದ ವ್ಯವಹಾರ ಎನ್ನುತ್ತಾನೆ. 2004ರ 'ಆಪ್ತಮಿತ್ರ'ದಲ್ಲೂ ಕಡೆಗೆ ವಿಷ್ಣುವರ್ಧನ್ ಮನೋವೈದ್ಯನಾಗಿ ಬಂದು ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತಾನಲ್ಲ ಎಂದರೆ, "ಡಾಕ್ಟರ್ ತನಗ ತಿಳದಷ್ಟ ಹೇಳ್ಯಾನ" ಎಂದು ಆ ಒಂದಕ್ಕೆ ಮಾಫಿ ಕೊಡುತ್ತಾನೆ. ಸೌಂದರ್ಯಳ ನಾಗವಲ್ಲಿ ಅವನಿಗೆ ಅಷ್ಟು ಹಿಡಿಸಿದ್ದಾಳೆ. ಪಿಚ್ಚರ್ ತೆರೆಗೆ ಬರುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಆಕೆ ತೀರಿಹೋದಳೆಂಬುದನ್ನು ದನಿ ತಗ್ಗಿಸಿ ಹೇಳುತ್ತಾನೆ. ಅದರಲ್ಲಿ ನಾಟಕವಿಲ್ಲ, ನಿಜವಾದ ದುಃಖ.

ಚಹಾದಂಗಡಿಯಲ್ಲಿ ಕಾಕಾನ ಜ್ಞಾನ ಸಮುದ್ರ ದಾಟುತ್ತದೆ. ಅಮೆರಿಕದ ವಿಲಿಯಂ ಕ್ಯಾಸಲ್ ಎಂಬ ನಿರ್ಮಾಪಕ 1958ರಲ್ಲಿ 'ಮಕಾಬ್ರ' ತೋರಿಸುವಾಗ, ನೋಡುತ್ತ ಅಂಜಿ ಸತ್ತವರ ಮನೆಗೆ ಸಾವಿರ ಡಾಲರ್ ಸಿಗುವಂತೆ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ಮಾಡಿಸಿದ್ದ. ಮರುವರ್ಷ 'ದಿ ಟಿಂಗ್ಲರ್'ಗೆ ಕೆಲವು ಕುರ್ಚಿಗಳ ಕೆಳಗೆ ಸಣ್ಣ ಮೋಟಾರು ಕೂರಿಸಿ, ಸರಿಯಾದ ಹೊತ್ತಿಗೆ ಗಡಗಡ ನಡುಗಿಸಿದ. "ನಮ್ಮ ಊರ ಬಸ್ಸಿನ ಹಿಂದಿನ ಸೀಟಿಗೆ ಮೋಟಾರ ಬೇಕಾಗಿಲ್ಲ" ಎಂದು ನಿವೃತ್ತ ಮಾಸ್ತರರು ಪೇಪರಿನ ಹಿಂದಿನಿಂದ ಹೇಳುತ್ತಾರೆ. ಕಾಕಾ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಲಾಸ್ ಏಂಜಲೀಸ್‌ನ ಹಾಲಿವುಡ್ ಫಾರೆವರ್ ಎಂಬ ಸುಡುಗಾಡಿನಲ್ಲಿ 2002ರಿಂದ ಬೇಸಿಗೆಯ ರಾತ್ರಿ ಗೋರಿಮನೆಯ ಗೋಡೆಯ ಮೇಲೆ ಪಿಚ್ಚರ್ ಬಿಡುತ್ತಾರೆ, ಮಂದಿ ಚಾಪೆ ಬುತ್ತಿ ಹಿಡಿದು ಹೋಗುತ್ತಾರೆ ಎಂಬಲ್ಲಿಗೆ ಬಂದಿರುತ್ತಾನೆ. ಇದಕ್ಕೆ ಊರಿನಲ್ಲಿ ಯಾರೂ ಬೆರಗಾಗುವುದಿಲ್ಲ. ಸತ್ತವರಿಗೆ ಎಡೆ ಹಿಡಿದು, ಅಲ್ಲೇ ಕೂತು ಉಂಡು ಬರುವ ಮಂದಿ ಇವರು.

ಐದು ಲಕ್ಷದ ಕತೆಗೆ ಮಾತ್ರ ಕಿವಿ ನಿಗುರುತ್ತವೆ. 2008ರಲ್ಲಿ ರಾಮ್‌ಗೋಪಾಲ್ ವರ್ಮಾ, ನಮ್ಮ ಸುದೀಪ್ ನಟಿಸಿದ ಹಿಂದಿ 'ಫೂಂಕ್' ಪಿಚ್ಚರನ್ನು ಥಿಯೇಟರಿನಲ್ಲಿ ಒಬ್ಬನೇ ಕೂತು ನೋಡಿದವನಿಗೆ 5 ಲಕ್ಷ ರೂಪಾಯಿ ಎಂದು ಸಾರಿದ್ದರು. "ಮತ್ತ ನೀ ಯಾಕ ಹೋಗಲಿಲ್ಲ ಕಾಕಾ?" ಎಂದು ಹುಡುಗರು ಕೇಳುತ್ತಾರೆ. ಆ ವರ್ಷ ಶೇಂಗಾ ಹರಿಯುವುದಿತ್ತು ಎಂಬುದು ಉತ್ತರ. ಹೊಲ ಲಾವಣಿಗೆ ಹೋದ ಮೇಲೆ ಯಾರ ಶೇಂಗಾ ಎಂದು ಯಾರೂ ಕೇಳುವುದಿಲ್ಲ. ದೊಡ್ಡವರಿಗೆ ಅಷ್ಟು ಮರ್ಯಾದೆ ಕೊಡಬೇಕಾಗುತ್ತದೆ. ಚಹಾದವನು ಮಾತ್ರ ಅಷ್ಟು ಮರ್ಯಾದಸ್ಥನಲ್ಲ. ತೊಂಬತ್ತರ ದಶಕದಲ್ಲಿ ದೆವ್ವ ಹಿಂದಿರುಗಲೆಂದು ಕರ್ನಾಟಕದ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, 2018ರ 'ಸ್ತ್ರೀ' ಪಿಚ್ಚರಿನವರು ಅದೇ ಕತೆ ಎತ್ತಿ ಕೋಟಿಗಟ್ಟಲೆ ಗಳಿಸಿದರಲ್ಲ ಎಂದು ಕಾಕಾ ಹೊಟ್ಟೆ ಉರಿದುಕೊಳ್ಳುವಾಗ, ಚಹಾದವನು ಉದ್ರಿ ವಹಿ ತೆಗೆದು ಕಾಕಾನ ಹೆಸರಿನ ಮುಂದೆ ಅದೇ ಎರಡು ಮಾತು ಬರೆದಿಟ್ಟದ್ದನ್ನು ತೋರಿಸುತ್ತಾನೆ.

ಹೀಗೆ ದೊಡ್ಡ ದೊಡ್ಡ ಊರಿನ ಕತೆ ಕೇಳಿ ಕೇಳಿ ಕಾಕಾ ಜಾಗ ಹುಡುಕಲು ಹೊರಡುತ್ತಾನೆ. ಕಷ್ಟ ಎಂದರೆ, ಈ ಸೀಮೆಯಲ್ಲಿ ದೆವ್ವಕ್ಕೆ ಒಪ್ಪುವ ಜಾಗವನ್ನೆಲ್ಲ ಮನುಷ್ಯರು ಬೇರೆ ಯಾವುದಕ್ಕೋ ಹಿಡಿದುಬಿಟ್ಟಿದ್ದಾರೆ.

ನವಲಗುಂದ ಕಡೆಯ ಕಾಕಾನ ಕಣ್ಣು ಬಿದ್ದದ್ದು ಹಗೇವಿನ ಮೇಲೆ. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಮಾತ್ರ ವಿಶಾಲ. ಜೋಳ ತುಂಬಿ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗೋದಾಮು, ಪ್ಲಾಸ್ಟಿಕ್ ಚೀಲ ಬಂದ ಮೇಲೆ ಬಹಳಷ್ಟು ಹಗೇವು ಮುಚ್ಚಿಹೋದವು. ತನ್ನ ಮನೆಯದು ಬರಿದಾಗಿ ಉಳಿದದ್ದನ್ನು ಕಾಕಾ ದೇವರ ಕೃಪೆ ಎಂದೇ ತಿಳಿದ. ಕತ್ತಲೆ ಇದೆ, ತಂಪಿದೆ, ಮಾತಾಡಿದರೆ ಗುಂಯ್‌ಗುಡುತ್ತದೆ, ಹೆದರಿ ಓಡಿಹೋಗೋಣವೆಂದರೆ ದಾರಿಯಿಲ್ಲ. ನಾಲ್ಕು ಮಂದಿ, ಒಂದು ಪ್ರೊಜೆಕ್ಟರ್. ಇಂಥ ಥಿಯೇಟರ್ ಅಮೆರಿಕದಲ್ಲೂ ಇಲ್ಲ.

ಏಣಿ ಇಳಿಬಿಡುವ ಹೊತ್ತಿಗೆ ಅವನ ತಾಯಿ, ತೊಂಬತ್ತರ ಮುದುಕಿ, ಕೋಲು ಅಡ್ಡ ಹಿಡಿದಳು. "ಮದ್ಲ ಕಂದೀಲ ಬಿಡೋ."

ಹಗೇವಿಗೆ ಇಳಿಯುವ ಹಳೇ ಕಟ್ಟಳೆ ಅದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಗಾಳಿಯ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಬ್ಬ ಇಳಿದು ಬಿದ್ದ, ಎತ್ತಲು ಹೋದವನೂ ಬಿದ್ದ ಎಂಬ ಸುದ್ದಿ ಈ ಭಾಗದಲ್ಲಿ ಕೇಳದವರಿಲ್ಲ. ಅದಕ್ಕೇ ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಿದ್ದರು. ಕಾಕಾ ಇಳಿಸಿದ. ಕಂದೀಲು ಅರ್ಧಕ್ಕೆ ಹೋಗಿ ಮಂಕಾಯಿತು, ಇನ್ನೊಂದು ಮೊಳಕ್ಕೆ ಆರಿತು. ಕಾಕಾನ ಮುಖ ಬಿಳಿಚಿ, "ಯಾರೋ ಊದಿದ್ರು!" ಎಂದ.

"ಯಾರೂ ಊದಿಲ್ಲೋ ಖೋಡಿ. ಕೆಟ್ಟ ಗಾಳಿ ಅದು. ಕಂದೀಲ ಆರಿದಲ್ಲಿ ಮನಶ್ಯಾನೂ ಆರತಾನ" ಎಂದಳು ಮುದುಕಿ. ಬಂಡೆ ಮತ್ತೆ ಮುಚ್ಚಿತು. ಅಂದು ಪಿಚ್ಚರ್ ನಡೆದದ್ದು ಪಡಸಾಲೆಯಲ್ಲಿ, ಮುದುಕಿ ಮುಂದೆಯೇ ಕೂತು ಬತ್ತಿ ಹೊಸೆಯುತ್ತ, ದೆವ್ವ ಬಂದಾಗಲೆಲ್ಲ "ಯಾರ ಪೈಕಿ ಇಕಿ?" ಎಂದು ವಿಚಾರಿಸಿದಳು.

ಕುಂದಗೋಳದ ಕಾಕಾನಿಗೆ ವಾಡೆಯ ಆಸೆ. ಆದರೆ ಅಲ್ಲಿಯ ದೊಡ್ಡ ವಾಡೆ ನಾಡಿಗೇರರದು, ಸವಾಯಿ ಗಂಧರ್ವರ ಪುಣ್ಯತಿಥಿಗೆ ಇಡೀ ರಾತ್ರಿ ಹಿಂದೂಸ್ತಾನಿ ಸಂಗೀತ ನಡೆದ ಜಾಗ. ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಗುರುವಿನ ಹೆಸರಲ್ಲಿ ಹಾಡಿದ ಅಂಗಳದಲ್ಲಿ ದೆವ್ವ ಬಂದು ಕೂತರೆ ಜನ ಅದಕ್ಕೂ ಯಾವ ಘರಾಣೆ ಎಂದು ಕೇಳಿಯಾರು. ಕಾಕಾ ಆ ಆಸೆ ಬಿಟ್ಟು, ತನ್ನದೇ ಮೆಣಸಿನಕಾಯಿ ಕೋಣೆ ಆರಿಸಿಕೊಂಡ. ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು ಜಂತಿಯವರೆಗೆ, ಕಿಟಕಿಯಿಲ್ಲ, ಕೆಂಪು ಕತ್ತಲೆ. ಬ್ಯಾಡಗಿಯ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಧೈರ್ಯ ಬೇರೆ. ಬಾಗಿಲು ಹಾಕಿ ಹತ್ತು ನಿಮಿಷಕ್ಕೆ ಮೊದಲ ಸೀನು. ಆಮೇಲೆ ಕೆಮ್ಮು, ಮೂಗು, ಕಣ್ಣೀರು. 'ಬಂದ್ ದರ್ವಾಜಾ' ಪಿಚ್ಚರ್ ಇನ್ನೂ ಹೆಸರು ತೋರಿಸುತ್ತಿತ್ತು. ಒಳಗಿನ ಗೋಳು ಕೇಳಿ ಓಣಿಯವರು ಬಾಗಿಲಿಗೆ ಬಂದು ಚಿಗವ್ವನ ಕೈ ಹಿಡಿದು, "ಯಾವಾಗ ಹೋದ್ರವಾ?" ಎಂದರು. "ಇನ್ನೂ ಒಳಗ ಅದಾರ" ಎಂದಳು ಚಿಗವ್ವ.

ಅಣ್ಣಿಗೇರಿಯವನಿಗೆ ದೆವ್ವದ ವಿಷಯದಲ್ಲಿ ಸ್ವಲ್ಪ ಜಂಬ. ಪಂಪ ಹುಟ್ಟಿದ ಊರು, ಅಮೃತೇಶ್ವರ ಗುಡಿಯ 76 ಕಂಬಗಳ ಊರು ಎಂದು ಬೇರೆಯವರು ಹೇಳಿಕೊಂಡರೆ, ಇವನು 2010ನೆಯ ಇಸವಿಗೆ ಬರುತ್ತಾನೆ. ಆಗ ಚರಂಡಿಗೆ ನೆಲ ಅಗೆಯುವಾಗ ಸಾಲಾಗಿ ಜೋಡಿಸಿದಂತೆ ನೂರಾರು ಮನುಷ್ಯರ ತಲೆಬುರುಡೆಗಳು ಸಿಕ್ಕಿದವು. ಯುದ್ಧದಲ್ಲಿ ಸತ್ತವರೆಂದರು ಕೆಲವರು, ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರದಲ್ಲಿ ಅನ್ನವಿಲ್ಲದೆ ಸತ್ತವರೆಂದರು ಇನ್ನು ಕೆಲವರು. ಅಲ್ಲೇ ಸನಿಹದಲ್ಲಿ ಧೋತರ ಕಟ್ಟುವ ವಿಚಾರವನ್ನು ಕಾಕಾ ಗೆಳೆಯರ ಮುಂದಿಟ್ಟ. ಯಾರೂ ನಗಲಿಲ್ಲ, ಅಂಜಲೂ ಇಲ್ಲ. "ಹಸಿದು ಸತ್ತ ಮಂದಿ ಮುಂದ ಚುರಮರಿ ತಿನಕೋತ ಕೂಡತಿಯೇನು?" ಎಂದ ಒಬ್ಬ. ಕಾಕಾ ಮಾತು ಬದಲಿಸಿದ. ಅವನ ಲೆಕ್ಕದಲ್ಲಿ ಇದೊಂದು ಒಳ್ಳೆಯ ಗುಣ, ಬರೆದುಕೊಳ್ಳಬೇಕು.

ಕಲಘಟಗಿಯದು ಹೆಚ್ಚು ಹೇಳುವಂತಿಲ್ಲ. ಅಲ್ಲಿ ಕಾಡಿದೆ, ಮಂಜಿದೆ, ಜಿಟಿಜಿಟಿ ಮಳೆಯಿದೆ. ಹೀಗಾಗಿ ಪ್ರೊಜೆಕ್ಟರ್ ಇಲ್ಲ.

ಅಮೆರಿಕದವರು ಶಾರ್ಕಿನ 'ಜಾಸ್' ಪಿಚ್ಚರನ್ನು ಕೆರೆಯಲ್ಲಿ ತೇಲುವ ಟ್ಯೂಬುಗಳ ಮೇಲೆ ಕೂತು ನೋಡುತ್ತಾರೆಂದು ಓದಿದಾಗ ನವಲಗುಂದದ ಕಾಕಾ ಒಂದು ವಾರ ನಿದ್ದೆ ಮಾಡಲಿಲ್ಲ. ಕಲಘಟಗಿ ಕಡೆಯ ನೀರಸಾಗರ ಕೆರೆಯಿತ್ತು. ಮಳೆ ಕೈಕೊಟ್ಟ ವರ್ಷ ಅದರ ತಳವೇ ಕಾಣುತ್ತದೆ. ನವಲಗುಂದದಲ್ಲೇ ತೋರಿಸೋಣವೆಂದರೆ ಮಾಸ್ತರರು ಅಡ್ಡ ಬಂದರು. ನೀರಿನ ಕರದ ವಿರುದ್ಧ 1980ರಲ್ಲಿ ಬಂಡೆದ್ದ ಊರು, ಕಳಸಾ-ಬಂಡೂರಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಊರು. "ಅಷ್ಟು ನೀರು ಪರದಾದ ಮ್ಯಾಲ ನೋಡಿದ್ರ ಮಂದಿ ಅಂಜೂದಿಲ್ಲ, ಪೈಪಲೈನ್ ಎಲ್ಲಿಂದ ಹಾಕೂಣು ಅಂತಾರ."

ಕಡೆಗೆ ಎಲ್ಲರೂ ಒಪ್ಪಿದ ಜಾಗ ಬೆಣ್ಣಿಹಳ್ಳದ ದಂಡೆಯ ಒಂದು ಕಣ. ಅಮಾಸಿ ರಾತ್ರಿ, ಊರಿನಿಂದ ದೂರ, ಒಂದೇ ಬೇವಿನ ಗಿಡ, ದೂರದಲ್ಲಿ ನರಿಗಳ ಊಳು. ಬಣವಿಗೆ ಗಳ ಕಟ್ಟಿ ಧೋತರ ಬಿಗಿದರು. 'ಆಪ್ತಮಿತ್ರ' ಹಾಕಿದರು. ಇಪ್ಪತ್ತು ಮಂದಿ ಬಂದದ್ದು ನೋಡಿ ಕಾಕಾನ ಎದೆ ಉಬ್ಬಿತು. ಒಬ್ಬೊಬ್ಬರ ಕೈಯಲ್ಲೂ ಬ್ಯಾಟರಿ, ಹೆಗಲ ಮೇಲೆ ಸಲಿಕೆ, ಕಾಲಲ್ಲಿ ರಬ್ಬರ್ ಬೂಟು. ಅಂಜಿ ಸಲಿಕೆ ತಂದಿದ್ದಾರೆ ಎಂದುಕೊಂಡ. ಅವರು ಬಂದದ್ದು ತ್ರೀಫೇಸ್ ಕರೆಂಟಿಗೆ ಕಾಯುತ್ತ ಕೂರಲು. ಮನೆಯಲ್ಲಿ ಮಲಗಿದರೆ ಎಚ್ಚರಾಗುವುದಿಲ್ಲ, ಇಲ್ಲಿ ಕೂತರೆ ನಿದ್ದೆ ಬರುವುದಿಲ್ಲ.

ಪಿಚ್ಚರ್ ಹದಕ್ಕೆ ಬಂದಿತ್ತು. ಮುಚ್ಚಿದ ಕೋಣೆಯ ಬಾಗಿಲು, ಗೆಜ್ಜೆಯ ಸಪ್ಪಳ, ನಾಗವಲ್ಲಿಯ ಕಣ್ಣು ಹಿಗ್ಗತೊಡಗಿದ್ದವು. ಅಷ್ಟರಲ್ಲಿ ದಂಡೆಯ ಕಡೆ ಯಾರೋ ಕೂಗಿದರು, "ಬಂತೋ!"

ಕಾಕಾ ಜಮಖಾನ ಬಿಟ್ಟು ಮೊಳದೆತ್ತರ ಹಾರಿದ. ಬಂದದ್ದು ಕರೆಂಟು. ಹಳ್ಳದುದ್ದಕ್ಕೂ ಮೋಟಾರುಗಳು ಒಂದರ ಹಿಂದೊಂದು ಗುರ್ ಎಂದವು. ಇಪ್ಪತ್ತು ಮಂದಿ ಎದ್ದು, ಲುಂಗಿ ಮೇಲೆ ಕಟ್ಟಿ, ಎಡಕ್ಕೆ ಹತ್ತು ಬಲಕ್ಕೆ ಹತ್ತು ಬ್ಯಾಟರಿಗಳಾಗಿ ಕತ್ತಲೆಯಲ್ಲಿ ಕರಗಿದರು. ಗೋವಿನಜೋಳದ ಸಾಲಿಗೆ ನೀರು ತಿರುವಬೇಕು, ಹಾವಿದ್ದರೆ ನೋಡಿ ಕಾಲಿಡಬೇಕು, ದೆವ್ವಕ್ಕೆ ಕೊಡಲು ಅವರ ಹತ್ತಿರ ಪುರಸೊತ್ತಿರಲಿಲ್ಲ. ಕಣದಲ್ಲಿ ಉಳಿದವರು ಕಾಕಾ, ನಾಗವಲ್ಲಿ, ಒಂದು ನಾಯಿ. ಐದು ಲಕ್ಷದ ಷರತ್ತು ಪುಕ್ಕಟೆ ಒದಗಿ ಬಂದಿತ್ತು. ಅವನು ಪರದೆ ನೋಡಿದ, ಬೇವಿನ ಗಿಡ ನೋಡಿದ, ನಾಯಿ ಕಡೆ ನೋಡಿದ. ನಾಯಿ ಹಳ್ಳದ ಕಡೆ ನಡೆಯಿತು. ಕಾಕಾನೂ "ತಡೀರೋ, ನಾನೂ ಬ್ಯಾಟರಿ ಹಿಡೀತೇನಿ!" ಎಂದು ಚಪ್ಪಲಿ ಬಿಟ್ಟು ಓಡಿದ. ಯಾರೋ ಅವನ ಕೈಗೆ ಸಲಿಕೆ ಕೊಟ್ಟರು.

ಮರುದಿನ ಚಹಾದಂಗಡಿಯಲ್ಲಿ ಕಾಕಾ, ಮಂದಿ ಎದ್ದುಹೋದ ಮೇಲೆ ಪೂರಾ ಪಿಚ್ಚರ್ ತಾನೊಬ್ಬನೇ ನೋಡಿದೆನೆಂದು ಹೇಳುತ್ತಿದ್ದ. ಮೊಣಕಾಲತನಕ ಎರಿ ಮಣ್ಣು ಒಣಗಿತ್ತು. ಮಾಸ್ತರರು ಪೇಪರ್ ಇಳಿಸಿ, "ಹಂಗಾರ ಕಡೀಕ ಏನಾತು?" ಎಂದರು.

"ಆರು ಸಾಲು ಹಾದ್ವು ನೋಡ್ರಿ" ಎಂದ ಕಾಕಾ.